ಖಾಲಿ ಪುಟಗಳ ರಿಜಿಸ್ಟರ್

ಆಗಸ್ಟ್ 6

ಅಕ್ಕ,

ಮೊದಲು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ, ಆಮೇಲೆ ಓದಿ. ನಿಮ್ಮ ಆರೋಗ್ಯ ಕೊಠಡಿಯ ಬೀಗದ ಕೈ ಈಗ ನನ್ನ ಹತ್ತಿರ ಇದೆ.

ಹೌದು, ನನ್ನ ಹತ್ತಿರವೇ. ಹನ್ನೊಂದು ವರ್ಷ ನಿಮ್ಮ ಎದುರಿನ ಆಫೀಸಿನಲ್ಲಿ ಕೂತು ಹಾಜರಿ ಕೂಡಿಸಿದ, ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬರುವ ಇದೇ ಗುಮಾಸ್ತೆಯ ಹತ್ತಿರ. ಹಣ ಇಲ್ಲ ಅಂತ ರಜೆಯಲ್ಲಿ ನರ್ಸ್ ಹುದ್ದೆ ನಿಲ್ಲಿಸಿ ನಿಮ್ಮನ್ನು ಅಷ್ಟು ದೂರದ ಆಸ್ಪತ್ರೆಗೆ ಅಟ್ಟಿದರಲ್ಲ, ಶಾಲೆ ಶುರುವಾಗಿ ಮೂರೇ ದಿನಕ್ಕೆ ಹೆಡ್‌ಮಾಸ್ಟರಿಗೆ ತಲೆ ಚಿಟ್ಟು ಹಿಡಿಯಿತು. ನನ್ನನ್ನು ಕರೆದು, "ನೀವು ಹೇಗೂ ಎದುರಿಗೇ ಇರ್ತೀರ. ಯಾರಾದ್ರೂ ಬಿದ್ದು ಗಿದ್ದು ಬಂದ್ರೆ ಒಂದು ಬ್ಯಾಂಡೇಜು ಹಾಕಿ ಕಳಿಸಿ" ಅಂದರು. ಬ್ಯಾಂಡೇಜು ಎಲ್ಲಿದೆ ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಇಲ್ಲಿ ನೀವು ಬಿಟ್ಟುಹೋದ ಹಾಗೆ ಏನೂ ಇಲ್ಲ. ಚಿತ್ರಕಲೆ ಮೇಷ್ಟ್ರೇ ಈಗ ಆಟದ ಮೇಷ್ಟ್ರು ಕೂಡ, ಪಾಪ, ಶಿಳ್ಳೆ ಊದಿದರೆ ಅವರಿಗೇ ಕೆಮ್ಮು ಬರುತ್ತದೆ. ಶಾಲೆಯ ಫೋನ್ ಕಡಿತವಾಗಿ ತಿಂಗಳಾಯಿತು. ಅದಕ್ಕೇ ಈ ಪತ್ರ.

ನಗುವ ವಿಷಯ ಅಷ್ಟೇ, ಇನ್ನು ನಿಜವಾದದ್ದು. ಎಲ್ಲದಕ್ಕೂ ವಾದ ಹೂಡುವ ನಮ್ಮ ವಕೀಲಮ್ಮ ಈ ವರ್ಷ ನಾಲ್ಕನೇ ತರಗತಿ. ನಿನ್ನೆ ಅವಳ ಅಪ್ಪನನ್ನು ಹೆಡ್‌ಮಾಸ್ಟರು ಕರೆಸಿದ್ದರು. ಕೆಲಸದಿಂದ ನೇರ ಬಂದಿದ್ದ, ಉಗುರಿನ ಸಂದಿಯಲ್ಲೆಲ್ಲ ಬಿಳಿ ಬಣ್ಣ. "ಸಕ್ಕರೆ ಕಾಯಿಲೆ ಇರೋ ಮಗು, ದಿನಾ ಇನ್ಸುಲಿನ್ ತಗೊಳ್ಳೋ ಮಗು. ನರ್ಸ್ ಇಲ್ಲದೆ ನಾನು ಹೇಗೆ ಜವಾಬ್ದಾರಿ ತಗೊಳ್ಳಲಿ? ಈ ವರ್ಷ ಹೇಗೋ ಆಗಲಿ. ಡಿಸೆಂಬರ್ ವರದಿ ನೋಡಿ ಜಿಲ್ಲಾ ಕಚೇರಿಯವರು ಹುದ್ದೆ ವಾಪಸ್ ಕೊಟ್ರೆ ಸರಿ. ಇಲ್ಲಾಂದ್ರೆ ಐದನೇ ಕ್ಲಾಸಿಗೆ ಬೇರೆ ಶಾಲೆ ನೋಡ್ಕೊಳ್ಳಿ" ಅಂದರು. ನರ್ಸ್ ಇರುವ ಶಾಲೆ ಅಂದರೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಆತ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಆ ವರದಿ ಬರೆಯೋದು ನೀವೇನಾ?" ಅಂತ ಕೇಳಿದ.

ನಾನೇ, ಅಂದೆ. ಅಕ್ಕ, ಆ ವರದಿಯನ್ನು ನಾನು ಹೇಗೆ ಬರೆಯುತ್ತೇನೆ ನೋಡುತ್ತಿರಿ. ಕಚೇರಿಯವರು ಕಣ್ಣು ಕಣ್ಣು ಬಿಡಬೇಕು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಏನೇನು ಮಾಡಬೇಕು ಬೇಗ ಬರೆಯಿರಿ.

ನಿಮ್ಮ ಬಿರುಗಾಳಿ


ಆಗಸ್ಟ್ 17

ಬಿರುಗಾಳಿ,

ನಿನ್ನ ಪತ್ರ ತಲುಪಿತು. ಇಲ್ಲಿ ಮಕ್ಕಳ ವಾರ್ಡಿಗೆ ಹಾಕಿದ್ದಾರೆ, ಉಸಿರಾಡಲೂ ಬಿಡುವಿಲ್ಲ.

ಬ್ಯಾಂಡೇಜು ಎಡಗಡೆ ಬೀರುವಿನ ಎರಡನೇ ಖಾನೆಯಲ್ಲಿದೆ. ಬಂದ ಮಗುವಿಗೆ ಮೊದಲು ಕೂರಲು ಹೇಳು, ಆಮೇಲೆ ಏನಾಯಿತು ಕೇಳು. ನೀನು ಎರಡನ್ನೂ ಒಟ್ಟಿಗೆ ಮಾಡುತ್ತೀಯ ಅಂತ ಗೊತ್ತು.

ವಕೀಲಮ್ಮ ಊಟಕ್ಕೆ ಮೊದಲು ತಾನೇ ಬೆರಳು ಚುಚ್ಚಿ ನೋಡಿಕೊಳ್ಳುತ್ತಾಳೆ, ತಾನೇ ಇನ್ಸುಲಿನ್ ಹಾಕಿಕೊಳ್ಳುತ್ತಾಳೆ. ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತು ಮೀಟರಿನ ಅಂಕಿಯನ್ನೂ ಸಿರಿಂಜಿನ ಗೆರೆಯನ್ನೂ ಡಾಕ್ಟರ ಚೀಟಿಗೆ ಹೋಲಿಸಬೇಕು. ಅದು ನೀನು. ಗ್ಲೂಕೋಸ್ ಪುಡಿ ಸದಾ ಕೈಗೆ ಸಿಗುವ ಹಾಗಿರಲಿ. ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮಾತು: ಅವಳು ವಾದ ಮಾಡುತ್ತಿದ್ದರೆ ಚೆನ್ನಾಗಿದ್ದಾಳೆ ಅಂತ ತಿಳಿ. ಹೇಳಿದ್ದಕ್ಕೆಲ್ಲ ಹೂಂ ಅಂದರೆ ಸಕ್ಕರೆ ಇಳಿದಿದೆ, ಓಡು.

ಬಲಗಡೆ ಬೀರುವಿನಲ್ಲಿ ನನ್ನ ಹಳೆಯ ರಿಜಿಸ್ಟರುಗಳಿವೆ. ಅವು ನಿನಗೆ ಬೇಕಾಗುವುದಿಲ್ಲ. ತೆಗೆಯಬೇಡ.

ಅಕ್ಕ


ಸೆಪ್ಟೆಂಬರ್ 19

ಅಕ್ಕ,

ಹೂಂ ಅಂದಳು.

ನಿನ್ನೆ ಮೂರನೇ ಪೀರಿಯಡ್. ನಾನು ಕಿಟಕಿ ಪಕ್ಕ ಕೂತು ವರ್ಗಾವಣೆ ಪತ್ರಗಳಿಗೆ ಸೀಲು ಒತ್ತುತ್ತಿದ್ದೆ. ಹೊರಗೆ ಚಿತ್ರಕಲೆ ಮೇಷ್ಟ್ರು ಮಕ್ಕಳನ್ನು ಓಡಿಸುತ್ತಿದ್ದರು. "ಏಯ್, ನೀನು ಸಾಲಿನ ಕೊನೇಲಿ ನಿಲ್ಲು" ಅಂದರು. "ಸರಿ ಸಾರ್" ಅಂತ ಒಂದು ಧ್ವನಿ. ವಕೀಲಮ್ಮನದು.

ಅಕ್ಕ, ಆ ಹುಡುಗಿ ಹುಟ್ಟಿದಾಗಿನಿಂದ ಯಾರಿಗಾದರೂ ಸರಿ ಅಂದಿದ್ದಾಳಾ? ಸೀಲು ಅಲ್ಲೇ ಬಿಟ್ಟು ಗ್ಲೂಕೋಸ್ ಡಬ್ಬಿ ಎತ್ತಿಕೊಂಡು ಓಡಿದೆ. ಅವಳ ಎದುರು ಕುಕ್ಕರಗಾಲಲ್ಲಿ ಕೂತು, "ಇನ್ಮೇಲೆ ಭಾನುವಾರಾನೂ ಶಾಲೆ ಇರುತ್ತಂತೆ ಕಣೇ" ಅಂದೆ. "ಹೂಂ" ಅಂದಳು. ಹಣೆ ಒದ್ದೆಯಾಗಿತ್ತು, ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಬೆರಳು ಚುಚ್ಚಿದ್ದು ನಾನು, ನಾನೇ. ರಕ್ತ ಬಂತು, ನನಗೆ ಕತ್ತಲೆ ಬರಲಿಲ್ಲ, ಬರುವುದಕ್ಕೆ ಪುರುಸೊತ್ತೇ ಇರಲಿಲ್ಲ. ಮೀಟರಿನಲ್ಲಿ ಐವತ್ತೆರಡು, ಎಪ್ಪತ್ತಾದರೂ ಇರಬೇಕಿತ್ತು. ಗ್ಲೂಕೋಸ್ ನೀರು ಕುಡಿಸಿ ಹದಿನೈದು ನಿಮಿಷ ಅವಳನ್ನು ಒರಗಿಸಿಕೊಂಡು ಕೂತೆ. ಚಿತ್ರಕಲೆ ಮೇಷ್ಟ್ರು ಛತ್ರಿ ಹಿಡಿದುಕೊಂಡು ನಿಂತರು, ಬಿಸಿಲಿಗೋ ಭಯಕ್ಕೋ ಗೊತ್ತಿಲ್ಲ. ಮತ್ತೆ ನೋಡಿದರೆ ಎಂಬತ್ತೆಂಟು. ಎರಡು ಬಿಸ್ಕತ್ತು ತಿಂದು ಬಾಯಿ ಒರೆಸಿಕೊಂಡು ಏನೆಂದಳು ಗೊತ್ತಾ? "ಮಿಸ್, ಭಾನುವಾರ ಶಾಲೆ ಇಡೋ ಹಾಗಿಲ್ಲ. ಯಾರು ಹೇಳಿದ್ದು ನಿಮಗೆ? ಬರೆದು ಕೊಟ್ಟಿದ್ದಾರಾ?"

ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ. ಅದಕ್ಕೂ ಅವಳು ಕಾರಣ ಕೇಳಿದಳು.

ರಾತ್ರಿಯೆಲ್ಲ ಯೋಚನೆ ಮಾಡಿದೆ. ನಾನು ಕಿಟಕಿ ಹತ್ತಿರ ಇರದಿದ್ದರೆ? ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಒಂದು ಉಪಾಯ ಹೊಳೆದಿದೆ. ಪ್ರತಿ ತರಗತಿಗೂ ಒಂದು ಹಾಳೆ. ಯಾವ ಮಗುವಿಗೆ ಏನು, ಅದಕ್ಕೆ ಹುಷಾರಿಲ್ಲ ಅಂತ ಹೇಗೆ ಗೊತ್ತಾಗುತ್ತದೆ, ಟೀಚರು ಏನು ಮಾಡಬೇಕು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ನಿಮ್ಮ ತಲೆಯಲ್ಲಿರುವ ಮಕ್ಕಳನ್ನೆಲ್ಲ ನನಗೆ ಕಳಿಸಿ.

ಬಿರುಗಾಳಿ


ಅಕ್ಟೋಬರ್ 2

ಬಿರುಗಾಳಿ,

ನಿನ್ನ ಪತ್ರ ಮೂರು ಸಲ ಓದಿದೆ. ವಾರ್ಡಿನ ಆಯಾಗೂ ಓದಿ ಹೇಳಿದೆ. ನಿನ್ನ ಬೆನ್ನು ತಟ್ಟಬೇಕು ಅನ್ನಿಸಿತು. ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅವಳ ಪಕ್ಕ ಮಣ್ಣಿನಲ್ಲಿ ಕೂರಬೇಕಾಗಿದ್ದವಳು ನಾನು.

ಗೋಡೆಗೆ ಮಾತ್ರ ಅಂಟಿಸಬೇಡ. ಮಗುವಿನ ಕಾಯಿಲೆ ಬಂದು ಹೋಗುವವರೆಲ್ಲ ಓದುವ ಜಾಹೀರಾತಲ್ಲ. ಅಪ್ಪ ಅಮ್ಮನನ್ನು ಕೇಳಿ, ಅವರು ಒಪ್ಪಿದರೆ ಟೀಚರ ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸು.

ಎರಡನೇ ತರಗತಿಯ ಗೂಬೆ ಕಣ್ಣಿನ ಹುಡುಗನಿಗೆ ಉಬ್ಬಸ. ಓಡುವ ಮುಂಚೆ ಇನ್‌ಹೇಲರ್ ಎರಡು ಸಲ, ಅದು ಟೀಚರ ಮೇಜಿನಲ್ಲೇ ಇರಲಿ. ಉಸಿರು ಕಟ್ಟಿದರೆ ಅವನು ಹೇಳುವುದಿಲ್ಲ, ಭುಜ ಎರಡೂ ಕಿವಿಯ ಹತ್ತಿರ ಬಂದಿರುತ್ತದೆ, ನೋಡಬೇಕು. ಮೂರನೇ ತರಗತಿಯ ಅವಳಿಗಳಲ್ಲಿ ದೊಡ್ಡವಳಿಗೆ ಕಡಲೆಕಾಯಿ ಆಗುವುದಿಲ್ಲ, ಚಿಕ್ಕವಳು ತಿಂದು ಕೈ ತೊಳೆಯದೆ ಅವಳ ಕೈ ಹಿಡಿದರೂ ಕಷ್ಟ. ಆರನೇ ತರಗತಿಯಲ್ಲಿ ಒಬ್ಬನಿಗೆ ಫಿಟ್ಸ್ ಬರುತ್ತದೆ. ಬಂದರೆ ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಉಳಿದವರ ಬಗ್ಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಹನ್ನೆರಡು ಪುಟವಾಗಿದೆ.

ಇಷ್ಟು ಬರೆದ ಮೇಲೆ ಅನ್ನಿಸಿತು, ಇನ್ನು ಆ ಶಾಲೆಗೆ ನನ್ನ ಅಗತ್ಯ ಇಲ್ಲ ಅಂತ. ಇರಲಿ ಬಿಡು.

ಅಕ್ಕ


ನವೆಂಬರ್ 28

ಅಕ್ಕ,

ಎರಡು ತಿಂಗಳು ಪತ್ರ ಬರೆಯದ್ದಕ್ಕೆ ಕಿವಿ ಹಿಂಡಿ, ಆದರೆ ಮೊದಲು ಕೇಳಿ. ಹಾಳೆಗಳು ಎಂಥ ಕೆಲಸ ಮಾಡಿವೆ ಅಂತ ಹೇಳಿದರೆ ನೀವು ನಂಬುವುದಿಲ್ಲ.

ಎಲ್ಲ ಟೀಚರೂ ಕಲಿತುಬಿಟ್ಟಿದ್ದಾರೆ. ಗೂಬೆ ಕಣ್ಣಿನವನ ಭುಜ ಒಂದು ಇಂಚು ಮೇಲೆ ಹೋದರೆ ಎರಡನೇ ತರಗತಿಯ ಟೀಚರು ಪಾಠ ಅಲ್ಲಿಗೇ ಬಿಟ್ಟು ಇನ್‌ಹೇಲರ್ ಹಿಡಿಯುತ್ತಾರೆ. ವಕೀಲಮ್ಮನ ಮೀಟರು ಈಗ ಅವಳ ಕ್ಲಾಸ್ ಟೀಚರೇ ನೋಡುತ್ತಾರೆ. ಗಣಿತದ ಮೇಷ್ಟ್ರು ಮೊದಲು ಮೂಗು ಮುರಿದರು, "ನಾನು ಲೆಕ್ಕ ಹೇಳಿಕೊಡೋಕೆ ಬಂದವನು, ಸೂಜಿ ಹಿಡಿಯೋಕಲ್ಲ" ಅಂದರು. ಈಗ ಫಿಟ್ಸ್ ಹುಡುಗನ ಹಾಳೆಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆರೋಗ್ಯ ಕೊಠಡಿಗೆ ಯಾರೂ ಬರುತ್ತಲೇ ಇಲ್ಲ. ಕೆಲವು ದಿನ ಬೀಗವನ್ನೇ ತೆಗೆಯುವುದಿಲ್ಲ.

ವರದಿಯ ನಮೂನೆ ಬಂದಿದೆ. "ಕಳೆದ ಮೂರು ತಿಂಗಳಲ್ಲಿ ಆರೋಗ್ಯ ಕೊಠಡಿಗೆ ಬಂದ ಮಕ್ಕಳು" ಅಂತ ಒಂದು ಕಾಲಂ. ಹೋದ ವರ್ಷ ಇದೇ ಮೂರು ತಿಂಗಳಿಗೆ ನೀವು ಕಳಿಸಿದ ಸಂಖ್ಯೆ ಆಫೀಸ್ ಫೈಲಿನಲ್ಲಿದೆ, ತೊಂಬತ್ತನಾಲ್ಕು. ಈ ಸಲ ಎಷ್ಟು ಹೇಳಿ. ಮೂವತ್ತೊಂದು.

ಮೂವತ್ತೊಂದು, ಅಕ್ಕ. ಹನ್ನೊಂದು ವರ್ಷದಿಂದ ನಾನು ಕಚೇರಿಗೆ ತುಂಬಿ ಕಳಿಸುವ ಕಾಲಂಗಳೆಲ್ಲ ಇಂಥವೇ. ಗೈರುಹಾಜರಿ ಎಷ್ಟು, ತಡವಾಗಿ ಬಂದವರು ಎಷ್ಟು, ಒಡೆದ ಗಾಜು ಎಷ್ಟು, ಶಾಲೆ ಬಿಟ್ಟವರು ಎಷ್ಟು. ಅಂಕಿ ಇಳಿದ ವರ್ಷ ಶಹಬ್ಬಾಸ್, ಏರಿದ ವರ್ಷ ಬೈಗುಳ. ಇಷ್ಟು ಚೆನ್ನಾಗಿ ಮಕ್ಕಳನ್ನು ನೋಡಿಕೊಳ್ಳುವ ಶಾಲೆಗೆ ನರ್ಸ್ ಕೊಡದೆ ಇರುತ್ತಾರಾ? ವಕೀಲಮ್ಮನ ಅಪ್ಪನಿಗೆ ಆಗಲೇ ಹೇಳಿಬಿಟ್ಟೆ, ಧೈರ್ಯವಾಗಿರಿ ಅಂತ.

ಡಿಸೆಂಬರ್ ಹತ್ತಕ್ಕೆ ಕಳಿಸಬೇಕು. ಅದಕ್ಕೆ ಮುಂಚೆ ನಿಮ್ಮ ಕಣ್ಣಿಗೆ ಬೀಳಲಿ ಅಂತ ಬರೆದಿದ್ದೇನೆ. ಏನಾದರೂ ತಪ್ಪಿದ್ದರೆ ತಕ್ಷಣ ತಿಳಿಸಿ, ತಿದ್ದುತ್ತೇನೆ.

ಬಿರುಗಾಳಿ


ಡಿಸೆಂಬರ್ 10

ಅಕ್ಕ,

ನಿಮ್ಮ ಪತ್ರಕ್ಕೆ ಇವತ್ತು ಮಧ್ಯಾಹ್ನದ ಟಪಾಲಿನವರೆಗೂ ಕಾದೆ. ಬರಲಿಲ್ಲ. ತಪ್ಪಿದ್ದರೆ ನೀವು ಸುಮ್ಮನಿರುವವರಲ್ಲ, ಹಾಗಾಗಿ ಸರಿಯಾಗಿದೆ ಅಂದುಕೊಂಡೆ. ವರದಿ ಹೋಯಿತು. ಹೆಡ್‌ಮಾಸ್ಟರು ಸಹಿ ಹಾಕುವಾಗ ಮೂವತ್ತೊಂದರ ಮೇಲೆ ಬೆರಳಿಟ್ಟು, "ಭೇಷ್" ಅಂದರು.

ಬಿರುಗಾಳಿ


ಡಿಸೆಂಬರ್ 16

ಬಿರುಗಾಳಿ,

ವಾರ್ಡಿನಲ್ಲಿ ಕೆಮ್ಮು ಜ್ವರದ ಮಕ್ಕಳು ತುಂಬಿಹೋಗಿದ್ದಾರೆ, ಒಂದು ಮಂಚಕ್ಕೆ ಇಬ್ಬರು. ಅದಕ್ಕೇ ಬರೆಯಲಾಗಲಿಲ್ಲ. ಕಳಿಸಿದ್ದಾಯಿತಲ್ಲ, ನೋಡೋಣ. ವಕೀಲಮ್ಮ ಹೇಗಿದ್ದಾಳೆ? ಇಲ್ಲಿ ಚಳಿ ಜಾಸ್ತಿ. ನನ್ನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಬಡಗಿಗೆ ಹೇಳಿದ್ದೇನೆ.

ವಕೀಲಮ್ಮ ಹೇಗಿದ್ದಾಳೆ ಬರೆ.

ಅಕ್ಕ


ಜನವರಿ 19

ಅಕ್ಕ,

ಕಚೇರಿಯ ಪತ್ರ ಬಂತು. ಇದ್ದ ಹಾಗೇ ಬರೆಯುತ್ತೇನೆ. "ಸದರಿ ಶಾಲೆಯಲ್ಲಿ ಆರೋಗ್ಯ ಕೊಠಡಿಯ ಬಳಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು, ಈಗ ಮೂವತ್ತೊಂದಕ್ಕೆ ಕುಸಿದಿರುವುದರಿಂದ ನರ್ಸ್ ಹುದ್ದೆಯ ಅಗತ್ಯ ಕಂಡುಬಂದಿರುವುದಿಲ್ಲ. ಹುದ್ದೆಯನ್ನು ಕಾಯಂ ಆಗಿ ರದ್ದುಪಡಿಸುವ ಪ್ರಸ್ತಾವವನ್ನು ಫೆಬ್ರವರಿ 25ರ ಸಭೆಯಲ್ಲಿ ಮಂಡಿಸಲಾಗುವುದು."

ನಾಲ್ಕು ಸಲ ಓದಿದೆ. ನನ್ನ ಕೈಯಾರೆ ಬರೆದ ಅಂಕಿ. ಆ ಹುಡುಗಿಯನ್ನು ನಾನೇ ಶಾಲೆಯಿಂದ ಹೊರಗೆ ಹಾಕಿದ ಹಾಗಾಯಿತು. ಅವಳ ಅಪ್ಪ ನಿನ್ನೆ ಬಂದಿದ್ದ. ವಿಷಯ ತಿಳಿದು, "ಇರ್ಲಿ ಬಿಡಿ ಮೇಡಂ, ನೀವು ಮಾಡೋದೆಲ್ಲ ಮಾಡಿದ್ರಿ" ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ವಕೀಲಮ್ಮ ಮಾತ್ರ ಎಂದಿನ ಹಾಗೆ, "ಎರಡು ಬಸ್ಸು ಅಂದ್ರೆ ದಿನಕ್ಕೆ ನಾಲ್ಕು ಬಸ್ಸು. ಮಧ್ಯದಲ್ಲಿ ನಂಗೆ ಸಕ್ಕರೆ ಇಳಿದ್ರೆ ಕಂಡಕ್ಟರ್ ಬೆರಳು ಚುಚ್ತಾನಾ?" ಅಂತ ಕೇಳಿದಳು.

ಅಕ್ಕ, ಒಂದು ಮಾತು ನೇರ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ನವೆಂಬರ್ ಪತ್ರ ನಿಮಗೆ ಯಾವತ್ತು ತಲುಪಿತು?


ಜನವರಿ 24

ಬಿರುಗಾಳಿ,

ಡಿಸೆಂಬರ್ ಎರಡಕ್ಕೇ ತಲುಪಿತು.

ನಾಲ್ಕು ದಿನ ಅದನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಮೂವತ್ತೊಂದು ಓದಿದ ಕ್ಷಣವೇ ಈ ಅಂಕಿ ಹುದ್ದೆಗೇ ಕುತ್ತು ಅಂತ ಗೊತ್ತಾಗಿತ್ತು. ಕಳಿಸಬೇಡ ಅಂತ ಒಂದು ಸಾಲು ಬರೆದು ಹಾಕಿದ್ದರೆ ಸಮಯಕ್ಕೆ ಸರಿಯಾಗಿ ಸಿಗುತ್ತಿತ್ತು. ಬರೆಯಲು ಕೂತೆ ಕೂಡ. ಯಾಕೆ ಅಂತ ನೀನು ಕೇಳೇ ಕೇಳುತ್ತೀಯ, ಆಗ ನನ್ನ ವಿಷಯ ಹೇಳಬೇಕಾಗುತ್ತಿತ್ತು. ಹಾಳೆ ಮಡಿಸಿಟ್ಟೆ. ಆಮೇಲೆ ಚಳಿ, ಕಿಟಕಿ ಅಂತ ಸುಳ್ಳು ಪತ್ರ ಬರೆದೆ. ಕಿಟಕಿ ಚೆನ್ನಾಗಿಯೇ ಇದೆ.

ಈಗ ಕೇಳು. ಏಳು ವರ್ಷದ ಹಿಂದೆ ಕಚೇರಿಯಿಂದ ಒಬ್ಬರು ತಪಾಸಣೆಗೆ ಬಂದಿದ್ದರು. ನನ್ನ ರಿಜಿಸ್ಟರ್ ತಿರುವಿ ಹಾಕಿ, "ಇಷ್ಟೊಂದು ಮಕ್ಕಳಿಗೆ ಕಾಯಿಲೆ ಅಂದ್ರೆ ನೀವೇನಮ್ಮ ನೋಡ್ಕೊಳ್ತಿದ್ದೀರಿ?" ಅಂದರು. ಎಲ್ಲರ ಎದುರು. ಅಂದಿನಿಂದ ನಾನು ಎಲ್ಲರನ್ನೂ ಬರೆಯುವುದು ಬಿಟ್ಟೆ. ಬಿದ್ದು ಗಾಯವಾದವರು, ಜ್ವರದವರು, ಅಷ್ಟೇ. ದಿನಾ ಇನ್ಸುಲಿನ್ನಿಗೆ ಬರುವವಳು, ಇನ್‌ಹೇಲರಿಗೆ ಬರುವವರು, ಮನೆಯಲ್ಲಿ ಜಗಳವಾಗಿ ಹೊಟ್ಟೆನೋವು ಅಂತ ಬಂದು ಸುಮ್ಮನೆ ಕೂರುವವರು, ಯಾರನ್ನೂ ಬರೆಯಲಿಲ್ಲ. ಪುಟ ಖಾಲಿ ಇದ್ದಷ್ಟೂ ನಾನು ಒಳ್ಳೆಯ ನರ್ಸ್ ಅಂತ ಹೆಮ್ಮೆ ಪಟ್ಟುಕೊಂಡೆ. ಹಣ ಕಡಿಮೆಯಾಗಿ ಯಾವ ಶಾಲೆಯ ನರ್ಸನ್ನು ತೆಗೆಯೋಣ ಅಂತ ಕಚೇರಿಯವರು ಹುಡುಕಿದಾಗ ಅತಿ ಖಾಲಿ ರಿಜಿಸ್ಟರ್ ನನ್ನದಾಗಿತ್ತು. ನನ್ನ ಹುದ್ದೆಗೆ ನಾನೇ ಕತ್ತರಿ ಹಾಕಿಕೊಂಡೆ ಕಣೇ. ನೀನು ಮಾಡಿದ ತಪ್ಪು ನಿನ್ನದಲ್ಲ, ನಾನು ಆರು ವರ್ಷ ಮಾಡಿದ್ದನ್ನು ನೀನು ಮೂರು ತಿಂಗಳು ಮುಂದುವರಿಸಿದೆ.

ಆದರೆ ಪೂರ್ತಿ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಬರೆಯದ ಪ್ರತಿ ಮಗುವಿಗೂ ಆ ದಿನದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ. ಬಲಗಡೆ ಬೀರು ತೆಗೆ. ಚುಕ್ಕೆ ಎಣಿಸು. ಟೀಚರುಗಳ ಹತ್ತಿರ ಹೋಗು, ಪಾಠ ನಿಲ್ಲಿಸಿ ಮಕ್ಕಳ ಆರೋಗ್ಯಕ್ಕೆ ಎಷ್ಟು ಸಲ ಎದ್ದರು ಅಂತ ಎರಡು ವಾರ ಬರೆದಿಡಲು ಹೇಳು. ಮಕ್ಕಳು ಕಡಿಮೆಯಾಗಿಲ್ಲ, ಬಾಗಿಲು ಬದಲಾಯಿತು ಅಷ್ಟೇ. ಅದನ್ನು ಕಚೇರಿಗೆ ತೋರಿಸಬೇಕು.

ಇದರ ಜೊತೆ ನನ್ನ ಹೇಳಿಕೆ ಇದೆ. ಆರು ವರ್ಷ ಏನು ಮಾಡಿದೆ ಅಂತ ತಾರೀಖು ಸಮೇತ ಬರೆದು ಸಹಿ ಹಾಕಿದ್ದೇನೆ. ನನ್ನನ್ನು ಉಳಿಸಲು ಹೋಗಿ ಇದನ್ನು ಬಚ್ಚಿಡಬೇಡ. ನಿನ್ನ ಸ್ವಭಾವ ಗೊತ್ತು, ಅದಕ್ಕೇ ಇನ್ನೊಂದು ಪ್ರತಿ ನೇರ ಕಚೇರಿಗೆ ಹಾಕಿದ್ದೇನೆ.

ಅಕ್ಕ


ಫೆಬ್ರವರಿ 14

ಅಕ್ಕ,

ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ ಬಂತು. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡಿರಲ್ಲ, ನಾನು ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಮೂರನೇ ದಿನ ಬಲಗಡೆ ಬೀರು ತೆಗೆದೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಎಷ್ಟು ಚುಕ್ಕೆ, ಅಕ್ಕ. ಕೆಲವು ದಿನ ಅಂಚೇ ಕಾಣುವುದಿಲ್ಲ.

ಒಬ್ಬಳೇ ಎಣಿಸಿದರೆ ತಪ್ಪುತ್ತಿತ್ತು. ಸಂಜೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದೊಂದು ರಿಜಿಸ್ಟರ್ ಹಂಚಿದೆ. ಗಣಿತದ ಮೇಷ್ಟ್ರು ಭೂತಗನ್ನಡಿ ತಂದರು. ಚಿತ್ರಕಲೆ ಮೇಷ್ಟ್ರು ಯಾವುದು ಚುಕ್ಕೆ, ಯಾವುದು ನೊಣದ ಕೆಲಸ ಅಂತ ತೀರ್ಪು ಕೊಡುತ್ತಿದ್ದರು, ಅದರಲ್ಲಿ ಅವರು ಎತ್ತಿದ ಕೈ. ನಕ್ಕು ನಕ್ಕು ಸಾಕಾಯಿತು. ಆಮೇಲೆ ಎರಡನೇ ತರಗತಿಯ ಟೀಚರು ಒಂದು ಪುಟದ ಹತ್ತಿರ ನಿಂತುಬಿಟ್ಟರು. ಅವರ ಮಗ ಇಲ್ಲೇ ಓದಿದ್ದಲ್ಲವಾ, ಅವನ ಅಪ್ಪ ತೀರಿಕೊಂಡ ತಿಂಗಳು ಅದು. ಪ್ರತಿ ದಿನ ಒಂದು ಚುಕ್ಕೆ ಜಾಸ್ತಿ ಇತ್ತು. "ಇವನು ಇಲ್ಲಿ ಬಂದು ಕೂರ್ತಿದ್ದ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು.

ನೀವು ತೊಂಬತ್ತನಾಲ್ಕು ಅಂತ ಕಳಿಸಿದ ಮೂರು ತಿಂಗಳಲ್ಲಿ ಚುಕ್ಕೆಗಳು ಐನೂರ ಹನ್ನೊಂದು. ಒಟ್ಟು ಆರುನೂರ ಐದು. ಈಗ ಟೀಚರುಗಳು ಎರಡು ವಾರದಲ್ಲಿ ಪಾಠ ನಿಲ್ಲಿಸಿ ಎದ್ದದ್ದು ತೊಂಬತ್ತಾರು ಸಲ. ಗುಣಿಸಿ ನೋಡಿ, ಹೆಚ್ಚು ಕಡಿಮೆ ಅದೇ ಬರುತ್ತದೆ. ಮೇಷ್ಟ್ರು ಗುಣಿಸಿ ಮೇಜು ಕುಟ್ಟಿದರು.

ತಿದ್ದುಪಡಿ ವರದಿ ಬರೆದೆ. ಮೊದಲ ಸಾಲೇ, "ಡಿಸೆಂಬರ್ 10ರಂದು ನಾನು ಕಳಿಸಿದ ಸಂಖ್ಯೆ ತಪ್ಪು." ಹೆಡ್‌ಮಾಸ್ಟರು ಓದಿ ಕನ್ನಡಕ ತೆಗೆದರು. "ಇದನ್ನ ನೀವೇ ನಿಮ್ಮ ಕೈಯಾರೆ ಬರೆದು ಕೊಡ್ತೀರಾ? ಕೆಲಸಕ್ಕೇ ಕುತ್ತು ಬರಬಹುದು" ಅಂದರು. "ಬರಲಿ ಸಾರ್, ತಪ್ಪು ಅಂಕಿ ಆ ಹುಡುಗಿಯ ತಲೆ ಮೇಲೆ ಯಾಕೆ ಬೀಳಬೇಕು?" ಅಂದೆ. ಅವರು ತಮ್ಮ ಪೆನ್ನು ತೆಗೆದು ನನ್ನ ಸಾಲಿನಲ್ಲಿ 'ನಾನು' ಅನ್ನುವುದನ್ನು ಹೊಡೆದು 'ನಾವು' ಅಂತ ಬರೆದರು. ಭೇಷ್ ಅಂದವರು ಅವರೇ ತಾನೇ, ಅದಕ್ಕಿರಬೇಕು.

ಹೋಗಿದೆ. ಊಟ ಸೇರುತ್ತಿಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ. ಆದರೂ ಖುಷಿಯಾಗಿದೆ ಅಕ್ಕ, ಯಾಕೆ ಅಂತ ಕೇಳಬೇಡಿ.

ಬಿರುಗಾಳಿ


ಮಾರ್ಚ್ 4

ಅಕ್ಕ,

ಹುದ್ದೆ ವಾಪಸ್ ಬಂತು.

ಬಂತು, ಬಂತು, ಬಂತು. ಈಗ ಮೊದಲಿನಿಂದ ಹೇಳುತ್ತೇನೆ.

ಸಭೆಗೆ ನಾಲ್ಕು ದಿನ ಮುಂಚೆ ಕಚೇರಿಯ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ಗಂಟು ಮುಖ. "ಕಾಗದದ ಮೇಲೆ ಅಂಕಿ ಏರೋದು ಇಳಿಯೋದು ನೋಡಿ ಸಾಕಾಗಿದೆ, ನಾನೇ ಎಣಿಸ್ತೀನಿ" ಅಂತ ಮೊದಲ ಗಂಟೆಗೆ ಆರೋಗ್ಯ ಕೊಠಡಿಯೂ ತರಗತಿಗಳ ಬಾಗಿಲೂ ಕಾಣುವ ಹಾಗೆ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಟೀಚರುಗಳಿಗೆ ಯಾವ ಮಗುವನ್ನೂ ತಡೆಯಬೇಡಿ, ಯಾರನ್ನೂ ಕಳಿಸಲೂ ಬೇಡಿ ಅಂತ ಹೇಳಿದೆ. ಮೊದಲ ಒಂದು ಗಂಟೆ ಯಾರೂ ಇಲ್ಲ. ಆಮೇಲೆ ಗೂಬೆ ಕಣ್ಣಿನವನು. ಹಿಂದೆಯೇ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಇನ್ನೊಬ್ಬ. ಅಧಿಕಾರಿ ಗೀಟು ಹಾಕಿಕೊಂಡರು.

ಊಟದ ಗಂಟೆಗೆ ವಕೀಲಮ್ಮ ಡಬ್ಬಿ ಹಿಡಿದು ಬಂದಳು. ಬೆರಳು ಚುಚ್ಚಿದಳು, ಟೀಚರು ಅಂಕಿ ನೋಡಿದರು, ಇನ್ಸುಲಿನ್ ಹಾಕಿಕೊಂಡಳು. ಅಧಿಕಾರಿ ಒಂದು ಗೀಟು ಹಾಕಿದರು. ಅವಳು ಬಗ್ಗಿ ನೋಡಿದಳು. "ಸಾರ್, ಒಂದೇ ಯಾಕೆ? ನಾನು ಬೆಳಿಗ್ಗೆ ಆಟಕ್ಕೆ ಮುಂಚೆನೂ ನೋಡ್ಕೊಂಡಿದ್ದೆ, ಆಗ ನೀವು ಟೀ ಕುಡೀತಿದ್ರಿ." ಅವರು, "ನಾನು ನೋಡಿಲ್ಲವಲ್ಲ" ಅಂದರು. "ನೀವು ನೋಡದಿದ್ರೆ ನಂಗೆ ಕಾಯಿಲೆ ಇರಲ್ವಾ?" ಅಂದಳು.

ಆ ಮನುಷ್ಯ ಅವಳನ್ನೇ ನೋಡುತ್ತ ಕೂತ. ಆಮೇಲೆ ಇನ್ನೊಂದು ಗೀಟು ಹಾಕಿದ. ಸಂಜೆ ಹೊತ್ತಿಗೆ ಹದಿನಾಲ್ಕು. ಹೋಗುವಾಗ ನಿಮ್ಮ ಹಳೆಯ ರಿಜಿಸ್ಟರೊಂದನ್ನು ತೆಗೆದು ಚುಕ್ಕೆಗಳ ಮೇಲೆ ಬೆರಳು ಆಡಿಸಿದರು.

ನಿನ್ನೆ ಆದೇಶ ಬಂತು. ಸದ್ಯಕ್ಕೆ ಎರಡು ವರ್ಷಕ್ಕೆ, ಪೂರ್ತಿ ಹುದ್ದೆ. ನನಗೆ ಒಂದು ಎಚ್ಚರಿಕೆ ಪತ್ರ, ಅದನ್ನು ಹೆಡ್‌ಮಾಸ್ಟರು ಅವರ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದರು. ವಕೀಲಮ್ಮನ ಅಪ್ಪನಿಗೆ ನಾನೇ ಹೋಗಿ ಹೇಳಿದೆ. ಏಣಿಯ ಮೇಲಿದ್ದ. ಕೆಳಗಿಳಿದು ಗೋಡೆಗೆ ಒರಗಿ ನಿಂತ, ಒದ್ದೆ ಗೋಡೆ, ಬೆನ್ನೆಲ್ಲ ಹಳದಿಯಾಯಿತು, ಅದರ ಕಡೆ ಗಮನವೇ ಇರಲಿಲ್ಲ.

ಒಂದೇ ಬೇಸರ. ನೀವೇ ಬರುತ್ತೀರ ಅಂತ ನಾನು ಕೊಠಡಿ ಗುಡಿಸಿ ಒರೆಸಿ ಇಟ್ಟಿದ್ದೆ. ಪಟ್ಟಿಯಲ್ಲಿ ಬೇರೆ ಹೆಸರಿದೆ, ಈಗಷ್ಟೇ ತರಬೇತಿ ಮುಗಿಸಿದ ಹುಡುಗಿ. ಯಾಕೆ ಹೀಗಾಯಿತು? ನಿಮ್ಮ ಹೇಳಿಕೆಯಿಂದ ನಿಮಗೇನೂ ತೊಂದರೆ ಆಗಲಿಲ್ಲ ತಾನೇ?

ಬಿರುಗಾಳಿ


ಮಾರ್ಚ್ 11

ಬಿರುಗಾಳಿ,

ನಿನ್ನ ಪತ್ರ ವಾರ್ಡಿನ ಮಧ್ಯದಲ್ಲೇ ನಿಂತು ಓದಿದೆ. "ನೀವು ನೋಡದಿದ್ರೆ ನಂಗೆ ಕಾಯಿಲೆ ಇರಲ್ವಾ" ಅನ್ನುವಲ್ಲಿಗೆ ಬಂದಾಗ ಜೋರಾಗಿ ನಕ್ಕುಬಿಟ್ಟೆ, ಮಲಗಿದ್ದ ಎರಡು ಮಕ್ಕಳು ಎದ್ದವು. ಆಯಾ ಬೈದಳು. ಅವಳಿಗೂ ಓದಿ ಹೇಳಿದೆ, ಅವಳೂ ನಕ್ಕಳು.

ತೊಂದರೆ ಆಯಿತಾ ಅಂತ ಕೇಳಿದ್ದೀಯ. ಆಯಿತು. ಆರು ವರ್ಷ ದಾಖಲೆಗಳನ್ನು ಅಪೂರ್ಣವಾಗಿ ಇಟ್ಟಿದ್ದಕ್ಕೆ ಛೀಮಾರಿ, ಇನ್ನು ಮುಂದೆ ಯಾವ ಶಾಲೆಗೂ ನನ್ನನ್ನು ಹಾಕುವ ಹಾಗಿಲ್ಲ. ಹೇಳಿಕೆ ಬರೆಯುವಾಗಲೇ ಇದು ಗೊತ್ತಿತ್ತು, ನಿನಗೆ ಹೇಳಿದರೆ ನೀನು ಅದನ್ನು ಕಳಿಸಲು ಬಿಡುತ್ತಿರಲಿಲ್ಲ. ಆ ಕೊಠಡಿಯಲ್ಲಿ ನಾನಿಲ್ಲ ಅನ್ನುವುದು ಇವತ್ತೂ ನೋಯುತ್ತದೆ, ನಾಳೆಯೂ ನೋಯುತ್ತದೆ. ಹೊಸ ಹುಡುಗಿಗೆ ನನ್ನ ಹನ್ನೆರಡು ಪುಟ ಕೊಡು. ನಾನು ಮಾಡಿದ ತಪ್ಪನ್ನೂ ಹೇಳು, ಮರೆಮಾಚಬೇಡ. ಬಂದ ಪ್ರತಿ ಮಗುವನ್ನೂ ಬರೆಯಲಿ.

ನಿನ್ನೆ ಆಸ್ಪತ್ರೆಯ ಆಫೀಸಿಗೆ ಕರೆದಿದ್ದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಸೇವಾ ಪುಸ್ತಕದಲ್ಲಿ ಕಪ್ಪು ಸಾಲು ಬಿದ್ದದ್ದು ಇದೇ ಮೊದಲು. ಅಲ್ಲಿನ ಗುಮಾಸ್ತ ತುಂಬ ಒಳ್ಳೆಯವನು, ನನ್ನ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡೇ ಪುಸ್ತಕ ನನ್ನ ಕಡೆ ತಳ್ಳಿದ. "ಬೇಜಾರು ಮಾಡ್ಕೋಬೇಡಿ ಸಿಸ್ಟರ್" ಅಂದ. ಸಹಿ ಹಾಕಿದೆ. ಹಾಕಿ, ಆ ಹಾಳೆಯ ಒಂದು ನಕಲು ಬೇಕು ಅಂತ ಕೇಳಿದೆ.

"ಇದರ ನಕಲು ಯಾಕೆ ಸಿಸ್ಟರ್? ಯಾರೂ ಕೇಳಲ್ಲ ಇದನ್ನ" ಅಂದ.

"ಮನೇಲಿ ಇಟ್ಕೊಳ್ಳೋಕಪ್ಪ. ನಮ್ಮ ಹುಡುಗಿ ಅದೇ ಶಾಲೇಲಿ ಐದನೇ ಕ್ಲಾಸಿಗೆ ಹೋಗ್ತಾಳೆ, ಅದರ ಕಾಗದ ಇದು" ಅಂದೆ.

ಅಕ್ಕ